ದಂಡನಾಯಕ ಅಧ್ಯಕ್ಷರಾದ ಬಗೆ: ಅಯೂಬ್ ಖಾನ್ ಪ್ರಕರಣ, 1951–1969

1958ರ ಅಕ್ಟೋಬರ್ 7ರ ರಾತ್ರಿ ಪಾಕಿಸ್ತಾನದಲ್ಲಿ ಸೇನಾಡಳಿತ ಜಾರಿಗೆ ಬಂತು. ಅಯೂಬ್ ಖಾನ್ ಅವರ ರಾಜಕೀಯದ ಕಥೆಯನ್ನು ಆ ರಾತ್ರಿಯಿಂದ ಶುರುಮಾಡುವುದು ರೂಢಿ. ಆದರೆ ಅಷ್ಟು ಹೊತ್ತಿಗೆ ಅವರು ಸೇನೆಯ ಕಮಾಂಡರ್-ಇನ್-ಚೀಫ್ ಆಗಿ ಏಳೂಮುಕ್ಕಾಲು ವರ್ಷ ಕಳೆದಿತ್ತು. ಆ ಅವಧಿಯಲ್ಲಿ ಪಾಕಿಸ್ತಾನ ಏಳು ಪ್ರಧಾನಿಗಳನ್ನು ಕಂಡಿತ್ತು: ಲಿಯಾಖತ್ ಅಲಿ ಖಾನ್, ಖ್ವಾಜಾ ನಾಜಿಮುದ್ದೀನ್, ಮಹಮ್ಮದ್ ಅಲಿ ಬೋಗ್ರಾ, ಚೌಧರಿ ಮಹಮ್ಮದ್ ಅಲಿ, ಸುಹ್ರವರ್ದಿ, ಚುಂದ್ರಿಗರ್, ಫಿರೋಜ್ ಖಾನ್ ನೂನ್. ಸೇನಾ ಮುಖ್ಯಸ್ಥರು ಮಾತ್ರ ಒಬ್ಬರೇ. ಇತ್ತ ಭಾರತದಲ್ಲಿ ಅದೇ ಅವಧಿಯಲ್ಲಿ ಕಾರ್ಯಪ್ಪ, ರಾಜೇಂದ್ರಸಿಂಹಜಿ, ಶ್ರೀನಾಗೇಶ್, ತಿಮ್ಮಯ್ಯ ಎಂದು ನಾಲ್ವರು ಸೇನೆಯ ಮುಖ್ಯಸ್ಥರಾದರು, ಪ್ರಧಾನಿ ಒಬ್ಬರೇ. ಈ ಲೆಕ್ಕದಲ್ಲಿಯೇ ಪ್ರಕರಣದ ಅರ್ಧ ಅಡಗಿದೆ. ಅಯೂಬ್ ಅಧಿಕಾರವನ್ನು ಒಂದು ರಾತ್ರಿಯಲ್ಲಿ ಕಿತ್ತುಕೊಳ್ಳಲಿಲ್ಲ. ಕುರ್ಚಿ ಅಲುಗಾಡುತ್ತಿದ್ದ ರಾಜಕಾರಣಿಗಳೇ ಒಂದೊಂದು ಕಂತಿನಲ್ಲಿ ಅದನ್ನು ಅವರ ಕೈಗೆ ಕೊಟ್ಟರು.

ಹರಿಪುರದಿಂದ ರಾವಲ್ಪಿಂಡಿಗೆ

ಅಯೂಬ್ ಹುಟ್ಟಿದ್ದು 1907ರಲ್ಲಿ, ಹಜಾರಾ ಸೀಮೆಯ ಹರಿಪುರದ ಹತ್ತಿರದ ರೆಹಾನಾ ಎಂಬ ಹಳ್ಳಿಯಲ್ಲಿ. ತಂದೆ ಹಾಡ್ಸನ್ಸ್ ಹಾರ್ಸ್ ಅಶ್ವದಳದಲ್ಲಿ ರಿಸಾಲ್ದಾರ್ ಮೇಜರ್. ಅಲಿಗಢದಲ್ಲಿ ಓದು, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜು, 1928ರಲ್ಲಿ ಕಮಿಷನ್. ಎರಡನೇ ಮಹಾಯುದ್ಧದಲ್ಲಿ ಬರ್ಮಾ ರಂಗ. ಅವಿಭಜಿತ ಸೇನೆಯ ಕೊನೆಯ ವರ್ಷಗಳಲ್ಲಿ ವಾಯವ್ಯ ಗಡಿಯಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದರು. 1947ರ ಆಗಸ್ಟ್‌ನಲ್ಲಿ ಪಂಜಾಬ್ ಹೊತ್ತಿ ಉರಿಯುತ್ತಿದ್ದಾಗ ಮೇಜರ್ ಜನರಲ್ ರೀಸ್ ಅವರ ಗಡಿ ಪಡೆಗೆ ಎರಡೂ ಕಡೆಯಿಂದ ಸಲಹೆಗಾರರಿದ್ದರು. ಪಾಕಿಸ್ತಾನದ ಕಡೆಯಿಂದ ಬ್ರಿಗೇಡಿಯರ್ ಅಯೂಬ್ ಇದ್ದರು, ಭಾರತದ ಕಡೆಯಿಂದ ಮಡಿಕೇರಿಯ ಬ್ರಿಗೇಡಿಯರ್ ತಿಮ್ಮಯ್ಯ ಇದ್ದರು. ಒಂದೇ ಕಾಲೇಜಿನ ತರಬೇತಿ, ಒಂದೇ ಸೇನೆಯ ಶಿಸ್ತು, ಹೆಚ್ಚುಕಡಿಮೆ ಒಂದೇ ವಯಸ್ಸು. ಆಮೇಲೆ ಇಬ್ಬರ ದಾರಿ ಕವಲೊಡೆದದ್ದಕ್ಕೆ ಗುಣಸ್ವಭಾವದ ವ್ಯತ್ಯಾಸವೇ ಕಾರಣ ಎನ್ನುವವರಿದ್ದಾರೆ. ಆ ಮಾತನ್ನು ಮುಂದೆ ಪರೀಕ್ಷಿಸೋಣ.

1948ರ ಜನವರಿಯಲ್ಲಿ ಅವರನ್ನು ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 14ನೇ ಡಿವಿಜನ್ನಿನ ಮುಖ್ಯಸ್ಥರನ್ನಾಗಿ ಢಾಕಾಕ್ಕೆ ಕಳುಹಿಸಲಾಯಿತು. ಹೆಸರಿಗೆ ಡಿವಿಜನ್, ಹೋದಾಗ ಅಲ್ಲಿದ್ದದ್ದು ಎರಡು ಬೆಟಾಲಿಯನ್. ಅಲ್ಲಿಂದ ಬಂದು ಅಡ್ಜುಟೆಂಟ್ ಜನರಲ್ ಆದರು. ಸೇನೆಯ ಮೊದಲ ಪಾಕಿಸ್ತಾನಿ ಮುಖ್ಯಸ್ಥರಾಗುತ್ತಾರೆಂದು ಎಲ್ಲರೂ ನಂಬಿದ್ದ ಮೇಜರ್ ಜನರಲ್ ಇಫ್ತಿಖಾರ್ ಖಾನ್ 1949ರ ಡಿಸೆಂಬರ್‌ನಲ್ಲಿ ಸಿಂಧ್‌ನ ಜಂಗ್‌ಶಾಹಿ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. 1951ರ ಜನವರಿ 17ರಂದು 43ರ ಹರೆಯದ ಅಯೂಬ್, ಬ್ರಿಟಿಷ್ ಜನರಲ್ ಡಗ್ಲಸ್ ಗ್ರೇಸಿ ಅವರಿಂದ ಅಧಿಕಾರ ವಹಿಸಿಕೊಂಡರು. ಅವರ ಹೆಸರಿನ ಬೆನ್ನಿಗೆ ನಿಂತವರಲ್ಲಿ ಮುಖ್ಯರಾದವರು ರಕ್ಷಣಾ ಇಲಾಖೆಯ ಕಾರ್ಯದರ್ಶಿ ಇಸ್ಕಂದರ್ ಮಿರ್ಜಾ. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು.

ಎರಡೇ ತಿಂಗಳಲ್ಲಿ ರಾವಲ್ಪಿಂಡಿ ಪಿತೂರಿ ಬಯಲಾಯಿತು. ಮೇಜರ್ ಜನರಲ್ ಅಕ್ಬರ್ ಖಾನ್ ಮತ್ತು ಕೆಲವು ಅಧಿಕಾರಿಗಳು, ಕವಿ ಫೈಜ್ ಅಹ್ಮದ್ ಫೈಜ್ ಅವರಂತಹ ಎಡಪಂಥೀಯರು ಸರ್ಕಾರ ಉರುಳಿಸಲು ಹೊಂಚು ಹಾಕಿದ್ದಾರೆಂಬ ಆರೋಪದ ಮೇಲೆ ಬಂಧಿತರಾದರು. ಸೇನೆಯಲ್ಲಿ ತಮಗೆ ಎದುರಾಗಬಲ್ಲವರು ಯಾರು ಎಂಬುದು ಅಯೂಬ್‌ಗೆ ಸರ್ಕಾರದ ಖರ್ಚಿನಲ್ಲೇ ಗೊತ್ತಾಯಿತು. ಅದೇ ವರ್ಷ ಅಕ್ಟೋಬರ್ 16ರಂದು ಪ್ರಧಾನಿ ಲಿಯಾಖತ್ ಅಲಿ ರಾವಲ್ಪಿಂಡಿಯ ಸಭೆಯೊಂದರಲ್ಲಿ ಗುಂಡೇಟಿಗೆ ಬಲಿಯಾದರು. ಅವರ ನಂತರ ಸೇನೆಗೆ ಗಟ್ಟಿಯಾಗಿ ಅಪ್ಪಣೆ ಕೊಡಬಲ್ಲ ಪ್ರಧಾನಿ ಬಹಳ ವರ್ಷ ಬರಲಿಲ್ಲ.

ಏಳು ವರ್ಷದ ಪೂರ್ವಸಿದ್ಧತೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಇಲ್ಲಿ ಬಿತ್ತಿದ್ದು.

ಮೊದಲನೆಯದು ಭೂಗೋಳ. ಪಾಕಿಸ್ತಾನದ ರಾಜಧಾನಿ ಕರಾಚಿ, ಮಂತ್ರಿಗಳೂ ರಕ್ಷಣಾ ಇಲಾಖೆಯೂ ಅಲ್ಲಿ. ಸೇನೆಯ ಕೇಂದ್ರ ಕಚೇರಿ ಮಾತ್ರ ಸಾವಿರ ಕಿಲೋಮೀಟರಿಗೂ ಆಚೆ, ರಾವಲ್ಪಿಂಡಿಯಲ್ಲಿ. ಬ್ರಿಟಿಷರ ಉತ್ತರ ಕಮಾಂಡಿನ ಕಟ್ಟಡಗಳು ಅಲ್ಲಿ ಸಿದ್ಧವಾಗಿದ್ದವು. ಕರಾಚಿಯ ಮಂತ್ರಿಗಳು ಬಾಡಿಗೆ ಬಂಗಲೆಗಳಲ್ಲಿ ಕಚೇರಿ ಹುಡುಕುತ್ತಿದ್ದಾಗ ಸೇನೆ ತನ್ನ ಕಡತ, ಕಪಾಟು, ಕ್ರಮಗಳ ಸಮೇತ ನೆಲೆಯೂರಿತ್ತು. ಕೇಂದ್ರದ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ಷಣೆಗೇ ಹೋಗುತ್ತಿತ್ತು. ಆ ಹಣ ಹೇಗೆ ಖರ್ಚಾಗುತ್ತದೆ ಎಂದು ಕೇಳುವ ಶಕ್ತಿ ಸಂಸತ್ತಿಗಿರಲಿಲ್ಲ, ಮಂತ್ರಿಗಳಿಗೆ ಪುರುಸೊತ್ತೂ ಇರಲಿಲ್ಲ.

ಎರಡನೆಯದು ಅಮೆರಿಕ. 1953ರ ಶರತ್ಕಾಲದಲ್ಲಿ ಅಯೂಬ್ ವಾಷಿಂಗ್ಟನ್ನಿಗೆ ಹೋಗಿ ಶಸ್ತ್ರಾಸ್ತ್ರಕ್ಕಾಗಿ ತಾವೇ ಮಾತಾಡಿದರು. 1954ರ ಮೇ ತಿಂಗಳಲ್ಲಿ ರಕ್ಷಣಾ ನೆರವಿನ ಒಪ್ಪಂದವಾಯಿತು, ಸೆಪ್ಟೆಂಬರ್‌ನಲ್ಲಿ ಸಿಯಾಟೊ ಎಂಬ ಆಗ್ನೇಯ ಏಷ್ಯಾದ ರಕ್ಷಣಾ ಕೂಟ, ಮರುವರ್ಷ ಪಶ್ಚಿಮ ಏಷ್ಯಾದ ಬಾಗ್ದಾದ್ ಒಪ್ಪಂದ. ಹೊಸ ಟ್ಯಾಂಕು, ಫಿರಂಗಿಗಳ ಜೊತೆಗೆ ಇನ್ನೊಂದು ಬದಲಾವಣೆಯೂ ಬಂತು. ವಿದೇಶವೊಂದು ಪಾಕಿಸ್ತಾನದ ಬಗ್ಗೆ ಏನಾದರೂ ಕೇಳಬೇಕಾದರೆ ಪ್ರಧಾನಿಯ ಬದಲು ಸೇನಾ ಮುಖ್ಯಸ್ಥರನ್ನು ಕೇಳುವುದು ಅಭ್ಯಾಸವಾಯಿತು. ಪ್ರಧಾನಿ ಆರು ತಿಂಗಳಲ್ಲಿ ಬದಲಾಗಬಹುದು, ಜನರಲ್ ಇದ್ದೇ ಇರುತ್ತಾರೆ.

ಮೂರನೆಯದು ಲಾಹೋರ್. 1953ರ ಮಾರ್ಚ್‌ನಲ್ಲಿ ಅಹ್ಮದಿಯಾ ಪಂಥದವರ ವಿರುದ್ಧದ ಗಲಭೆ ಕೈಮೀರಿದಾಗ ಮೇಜರ್ ಜನರಲ್ ಅಜಂ ಖಾನ್ ನೇತೃತ್ವದಲ್ಲಿ ಆ ನಗರಕ್ಕೆ ಸೇನಾಡಳಿತ ಹೇರಲಾಯಿತು. ಸೇನೆ ಕೆಲವೇ ದಿನಗಳಲ್ಲಿ ಬೀದಿಗಳನ್ನು ಶಾಂತಗೊಳಿಸಿತು. ಸೇನಾಡಳಿತ ಮುಗಿದದ್ದು ಮಾತ್ರ ಮೇ ಮಧ್ಯದಲ್ಲಿ. ಆ ಹೆಚ್ಚುವರಿ ವಾರಗಳಲ್ಲಿ ಸೈನಿಕರು ಬೀದಿ ಗುಡಿಸಿದರು, ಅಂಗಡಿಗಳ ಬೆಲೆ ಪರಿಶೀಲಿಸಿದರು, ನಗರವನ್ನು ಒಪ್ಪ ಓರಣ ಮಾಡಿದರು. ಜನರೂ ಮೆಚ್ಚಿಕೊಂಡರು. ಒಂದು ನಗರವನ್ನು ನಡೆಸುವುದು ಕಷ್ಟವಲ್ಲ ಎಂದು ಅಧಿಕಾರಿಗಳಿಗೆ ಅನ್ನಿಸಿದ್ದು ಅಲ್ಲಿ. ಬೆದರಿಕೆಯ ಬಲದಿಂದ ಎರಡು ತಿಂಗಳು ನಡೆಯುವ ಆಡಳಿತಕ್ಕೂ, ತೆರಿಗೆ, ನೀರು, ಭೂಮಿ, ಭಾಷೆ ಎಂದು ಹತ್ತು ವರ್ಷ ನಡೆಯಬೇಕಾದ ಆಡಳಿತಕ್ಕೂ ಇರುವ ಅಂತರ ಆ ಎರಡು ತಿಂಗಳಲ್ಲಿ ಕಾಣಿಸುವಂಥದ್ದಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ತೂಕದ್ದು. 1954ರ ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಂ ಮಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಹೊಸ ಸಂಪುಟದಲ್ಲಿ ಅಯೂಬ್ ರಕ್ಷಣಾ ಮಂತ್ರಿ, ಇಸ್ಕಂದರ್ ಮಿರ್ಜಾ ಒಳಾಡಳಿತ ಮಂತ್ರಿ. ಅಯೂಬ್ ಸೇನಾ ಮುಖ್ಯಸ್ಥನ ಹುದ್ದೆಯನ್ನು ಬಿಡಲಿಲ್ಲ. ಅಂದರೆ ಸೇನಾ ಮುಖ್ಯಸ್ಥ ಯಾವ ಮಂತ್ರಿಗೆ ಲೆಕ್ಕ ಒಪ್ಪಿಸಬೇಕೋ ಆ ಮಂತ್ರಿಯೂ ಅವರೇ. ಈ ವ್ಯವಸ್ಥೆ 1955ರ ಆಗಸ್ಟ್‌ವರೆಗೆ ನಡೆಯಿತು. ಸಂಪುಟ ಸೇರುವ ಕೆಲವೇ ವಾರ ಮೊದಲು, ಅಕ್ಟೋಬರ್ 4ರಂದು, ಲಂಡನ್ನಿನ ಹೋಟೆಲೊಂದರಲ್ಲಿ ಕೂತು ಅವರು ದೇಶದ ಭವಿಷ್ಯದ ಬಗ್ಗೆ ಟಿಪ್ಪಣಿಯೊಂದನ್ನು ಬರೆದಿದ್ದರು. ಪಶ್ಚಿಮದ ಪ್ರಾಂತ್ಯಗಳನ್ನೆಲ್ಲ ಸೇರಿಸಿ ಒಂದು ಮಾಡುವುದು, ಲಗಾಮು ಹಾಕಿದ ಪ್ರಜಾಪ್ರಭುತ್ವ, ಬಲಿಷ್ಠ ಅಧ್ಯಕ್ಷ, ಪರೋಕ್ಷ ಚುನಾವಣೆ ಎಲ್ಲವೂ ಅದರಲ್ಲಿವೆ. ನಾಲ್ಕು ವರ್ಷದ ನಂತರ ಜಾರಿಗೆ ಬಂದದ್ದು ಬಹುಪಾಲು ಈ ಟಿಪ್ಪಣಿಯೇ.

ಸಂವಿಧಾನ ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ವಿಸರ್ಜನೆಯ ವಿರುದ್ಧ ನ್ಯಾಯಾಲಯಕ್ಕೆ ಹೋದರು. ಸಿಂಧ್ ಮುಖ್ಯ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. 1955ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಮಹಮ್ಮದ್ ಮುನೀರ್ ನೇತೃತ್ವದ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅದೇ ವರ್ಷ ಇನ್ನೊಂದು ಅಭಿಪ್ರಾಯದಲ್ಲಿ, ಅನಿವಾರ್ಯ ಸಂದರ್ಭದಲ್ಲಿ ಕಾನೂನಿಗೆ ಹೊರತಾದದ್ದೂ ಕಾನೂನುಬದ್ಧವಾಗಬಹುದು ಎಂಬ ವಾದಕ್ಕೆ ಮುದ್ರೆ ಒತ್ತಿತು.

ಇನ್ನುಳಿದದ್ದು ಸೇವಾವಧಿ. ನಾಲ್ಕು ವರ್ಷದ ಮೊದಲ ಅವಧಿ 1955ರ ಆರಂಭಕ್ಕೆ ಮುಗಿಯಬೇಕಿತ್ತು, ವಿಸ್ತರಣೆ ಸಿಕ್ಕಿತು. 1958ರ ಜೂನ್‌ನಲ್ಲಿ ಪ್ರಧಾನಿ ನೂನ್ ಮತ್ತೆ ಎರಡು ವರ್ಷ ಕೊಟ್ಟರು. ಸಮ್ಮಿಶ್ರ ಸರ್ಕಾರವನ್ನು ಹೇಗೋ ನೂಕುತ್ತಿದ್ದ ಪ್ರಧಾನಿಗೆ ಸೇನಾ ಮುಖ್ಯಸ್ಥನನ್ನು ಎದುರು ಹಾಕಿಕೊಳ್ಳುವುದು ಬೇಕಿರಲಿಲ್ಲ. ವಿಸ್ತರಣೆಗೆ ಸಹಿ ಹಾಕಿದ ನಾಲ್ಕೇ ತಿಂಗಳಿಗೆ ಅವರು ಪದಚ್ಯುತರಾದರು. ಅಯೂಬ್ ಆಗ ನಿವೃತ್ತರಾಗಿದ್ದರೆ ಪಾಕಿಸ್ತಾನದಲ್ಲಿ ಸೇನಾಡಳಿತ ಬರುತ್ತಲೇ ಇರಲಿಲ್ಲ ಎಂದು ಹೇಳಲಾಗದು. ಆದರೆ ಹೊಸದಾಗಿ ಬಂದ ಮುಖ್ಯಸ್ಥನಿಗೆ ಡಿವಿಜನ್‌ಗಳ ಮೇಲೆ, ಬಡ್ತಿಗಳ ಮೇಲೆ, ವಾಷಿಂಗ್ಟನ್ನಿನ ಮೇಲೆ ಆ ಮಟ್ಟದ ಹಿಡಿತ ಇರುತ್ತಿರಲಿಲ್ಲ.

ಇಪ್ಪತ್ತು ದಿನ

1956ರ ಮಾರ್ಚ್ 23ರಂದು ಪಾಕಿಸ್ತಾನಕ್ಕೆ ಸಂವಿಧಾನ ಬಂತು, ಮಿರ್ಜಾ ಮೊದಲ ಅಧ್ಯಕ್ಷರಾದರು. ಮೊದಲ ಸಾರ್ವತ್ರಿಕ ಚುನಾವಣೆ 1959ರ ಫೆಬ್ರವರಿಗೆ ನಿಗದಿಯಾಯಿತು. ಆ ಚುನಾವಣೆ ನಡೆದರೆ ತಾನು ಮತ್ತೆ ಅಧ್ಯಕ್ಷನಾಗುವ ಭರವಸೆ ಮಿರ್ಜಾಗಿರಲಿಲ್ಲ. 1958ರ ಸೆಪ್ಟೆಂಬರ್‌ನಲ್ಲಿ ಢಾಕಾದ ವಿಧಾನಸಭೆಯಲ್ಲಿ ಹೊಡೆದಾಟವಾಗಿ ಉಪಸಭಾಪತಿ ಶಾಹೇದ್ ಅಲಿ ಗಾಯಗೊಂಡು ಸತ್ತರು. ಬಲೂಚಿಸ್ತಾನದಲ್ಲಿ ಹಳೆಯ ಕಲಾತ್ ಸಂಸ್ಥಾನದ ದೊರೆ, ಕಲಾತ್‌ನ ಖಾನರನ್ನು ಬಂಧಿಸಲಾಯಿತು. ನೆಪಗಳಿಗೆ ಕೊರತೆ ಇರಲಿಲ್ಲ.

ಅಕ್ಟೋಬರ್ 7ರ ರಾತ್ರಿ ಮಿರ್ಜಾ ಸಂವಿಧಾನ ರದ್ದು ಮಾಡಿದರು, ಶಾಸನಸಭೆಗಳನ್ನು ವಿಸರ್ಜಿಸಿದರು, ಪಕ್ಷಗಳನ್ನು ನಿಷೇಧಿಸಿದರು, ಅಯೂಬ್ ಅವರನ್ನು ಮುಖ್ಯ ಸೇನಾಡಳಿತಾಧಿಕಾರಿಯನ್ನಾಗಿ ನೇಮಿಸಿದರು. ಮಿರ್ಜಾ ಎಡವಿದ್ದು ಇಲ್ಲಿಯೇ. ಅವರ ಅಧ್ಯಕ್ಷ ಪದವಿ ನಿಂತಿದ್ದದ್ದು ಆ ಸಂವಿಧಾನದ ಮೇಲೆ. ಅದನ್ನು ರದ್ದು ಮಾಡಿದ ಕ್ಷಣದಿಂದ ಅವರ ಕಾಲಕೆಳಗೆ ಬಂದೂಕು ಬಿಟ್ಟರೆ ಬೇರೆ ನೆಲವಿಲ್ಲ, ಬಂದೂಕು ಅಯೂಬ್ ಕೈಯಲ್ಲಿತ್ತು. ದೇಶಕ್ಕೆ ಇಬ್ಬರು ಯಜಮಾನರಿದ್ದ ಆ ಸ್ಥಿತಿ ನಡೆದದ್ದು ಇಪ್ಪತ್ತೇ ದಿನ.

ಅಕ್ಟೋಬರ್ 27ರಂದು ಮೂರು ಸಂಗತಿಗಳು ಒಂದೇ ದಿನ ಆದವು. ಡೋಸೊ ಪ್ರಕರಣದಲ್ಲಿ ಮುನೀರ್ ನೇತೃತ್ವದ ಸುಪ್ರೀಂ ಕೋರ್ಟು, ಯಶಸ್ವಿಯಾದ ಕ್ರಾಂತಿಯೇ ಹೊಸ ಕಾನೂನಿನ ಮೂಲ ಎಂದಿತು. ಆಸ್ಟ್ರಿಯಾದ ನ್ಯಾಯಶಾಸ್ತ್ರಜ್ಞ ಕೆಲ್ಸನ್ ಅವರ ಸಿದ್ಧಾಂತವನ್ನು ಇದಕ್ಕೆ ಆಧಾರ ಮಾಡಿಕೊಂಡಿತು. ಹೊಸ ಸಂಪುಟ ಪ್ರಮಾಣವಚನ ಸ್ವೀಕರಿಸಿತು, ಅಯೂಬ್ ಪ್ರಧಾನಿ ಎಂದು. ರಾತ್ರಿ ಅಜಂ ಖಾನ್, ಬುರ್ಕಿ, ಶೇಖ್ ಎಂಬ ಮೂವರು ಜನರಲ್‌ಗಳು ಅಧ್ಯಕ್ಷರ ನಿವಾಸಕ್ಕೆ ಹೋಗಿ ಮಿರ್ಜಾ ಅವರಿಂದ ರಾಜೀನಾಮೆಗೆ ಸಹಿ ಮಾಡಿಸಿಕೊಂಡರು. ಮಿರ್ಜಾ ದಂಪತಿಯನ್ನು ಕ್ವೆಟ್ಟಾಕ್ಕೆ, ಅಲ್ಲಿಂದ ಲಂಡನ್ನಿಗೆ ಕಳುಹಿಸಲಾಯಿತು. ಹನ್ನೊಂದು ವರ್ಷದ ನಂತರ ಅವರು ಅಲ್ಲಿಯೇ ತೀರಿಕೊಂಡರು. ಗೆದ್ದವನೇ ಕಾನೂನು ಎಂದ ತೀರ್ಪಿನ ಶಾಯಿ ಆರುವ ಮೊದಲು ಗೆದ್ದವರು ಬದಲಾಗಿದ್ದರು, ತೀರ್ಪು ಅವರಿಗೂ ಒಪ್ಪುತ್ತಿತ್ತು.

ಅಯೂಬ್ ಅಂದೇ ಸೇನೆಯ ನೇರ ಅಧಿಕಾರವನ್ನು ಜನರಲ್ ಮೂಸಾ ಅವರಿಗೆ ಒಪ್ಪಿಸಿದರು. ಕೆಲವೇ ವಾರಗಳಲ್ಲಿ ಸೈನಿಕರನ್ನು ಬೀದಿಗಳಿಂದ ಬ್ಯಾರಕ್ಕುಗಳಿಗೆ ವಾಪಸು ಕಳುಹಿಸಿದರು. ಇದು ಜಾಣ ನಡೆ. ಸೈನಿಕ ಅಂಗಡಿಕಾರನ ಜೊತೆ ದಿನವೂ ವ್ಯವಹರಿಸತೊಡಗಿದರೆ ಲಂಚವೂ ಕಲಿಯುತ್ತಾನೆ, ಬೈಗುಳವೂ ತಿನ್ನುತ್ತಾನೆ. ಆಡಳಿತವನ್ನು ನಾಗರಿಕ ಸೇವೆಯ ಅಧಿಕಾರಿಗಳ ಕೈಯಲ್ಲಿಯೇ ನಡೆಸಿ, ಸೇನೆಯನ್ನು ಬೆನ್ನ ಹಿಂದಿನ ಬಲವಾಗಿ ಇಟ್ಟುಕೊಂಡರು.

ಎಂಬತ್ತು ಸಾವಿರ ಮತದಾರರು

ಅಯೂಬ್ ರಾಜಕೀಯದ ಎದೆಗುಂಡಿಗೆ ಎಂದರೆ 1959ರ ಅಕ್ಟೋಬರ್‌ನಲ್ಲಿ ತಂದ 'ಬೇಸಿಕ್ ಡೆಮಾಕ್ರಸಿ' ಆದೇಶ. ಅದು ಕೆಲಸ ಮಾಡುತ್ತಿದ್ದ ರೀತಿಯನ್ನು ಬಿಡಿಸಿ ನೋಡಬೇಕು.

ಸರಿಸುಮಾರು ಸಾವಿರ ಜನಕ್ಕೆ ಒಬ್ಬ ಸದಸ್ಯ. ಪೂರ್ವಕ್ಕೆ 40,000, ಪಶ್ಚಿಮಕ್ಕೆ 40,000, ಒಟ್ಟು 80,000. ಅವರನ್ನು ಮಾತ್ರ ಜನ ನೇರವಾಗಿ ಆರಿಸುತ್ತಾರೆ. ಹತ್ತಿಪ್ಪತ್ತು ಹಳ್ಳಿ ಸೇರಿದ ಯೂನಿಯನ್ ಕೌನ್ಸಿಲ್ ಕೆಳಗಿನ ಮೆಟ್ಟಿಲು, ನಮ್ಮ ಗ್ರಾಮ ಪಂಚಾಯಿತಿಗೆ ಹತ್ತಿರದ್ದು. ಅದರ ಮೇಲೆ ತಾಲ್ಲೂಕು ಮಟ್ಟ (ಪಶ್ಚಿಮದಲ್ಲಿ ತೆಹಸೀಲ್, ಪೂರ್ವದಲ್ಲಿ ಠಾಣಾ), ಅದರ ಮೇಲೆ ಜಿಲ್ಲೆ, ಅದರ ಮೇಲೆ ವಿಭಾಗ. ಯೂನಿಯನ್ ಕೌನ್ಸಿಲ್ಲಿಗೆ ಚುನಾಯಿತ ಅಧ್ಯಕ್ಷರಿದ್ದರು. ಅಲ್ಲಿಂದ ಮೇಲೆ ತಹಸೀಲ್ದಾರ್, ಡೆಪ್ಯುಟಿ ಕಮಿಷನರ್, ಕಮಿಷನರ್ ಎಂದು ಅಧಿಕಾರಿಗಳೇ ಅಧ್ಯಕ್ಷರು. ಮೇಲಿನ ಸಭೆಗಳಲ್ಲಿ ಸರ್ಕಾರಿ ಸದಸ್ಯರಿಗೂ ದೊಡ್ಡ ಪಾಲು.

ಹಳ್ಳಿಯ ರಸ್ತೆ, ಮೋರಿ, ಶಾಲೆಗೆ ಇಷ್ಟೇ ಇದ್ದಿದ್ದರೆ ಒಳ್ಳೆಯ ಯೋಜನೆಯೇ. ಪೂರ್ವದಲ್ಲಿ ಕೊಮಿಲ್ಲಾ ಎಂಬಲ್ಲಿ ನಡೆದ ಗ್ರಾಮಾಭಿವೃದ್ಧಿ ಪ್ರಯೋಗದಿಂದ ಹುಟ್ಟಿದ ಗ್ರಾಮೀಣ ಕಾಮಗಾರಿ ಕಾರ್ಯಕ್ರಮ ಈ ಕೌನ್ಸಿಲ್ಲುಗಳ ಮೂಲಕವೇ ನಡೆಯಿತು. ಅಮೆರಿಕ ಪಿಎಲ್-480 ಕಾಯ್ದೆಯಡಿ ನೆರವಾಗಿ ಕೊಟ್ಟ ಧಾನ್ಯವನ್ನು ಮಾರಿ ಬಂದ ಹಣದಿಂದ ಕಾಲುವೆ ತೋಡಿದರು, ಮಣ್ಣಿನ ರಸ್ತೆ ಹಾಕಿದರು, ಬರಗಾಲದ ತಿಂಗಳುಗಳಲ್ಲಿ ಕೂಲಿ ಸಿಕ್ಕಿತು. ಕೆಟ್ಟದ್ದು ಯೋಜನೆಯ ಎರಡನೇ ಉದ್ದೇಶದಿಂದ. ಇದೇ 80,000 ಜನ ದೇಶದ ಅಧ್ಯಕ್ಷರನ್ನೂ, ಮುಂದೆ ರಾಷ್ಟ್ರೀಯ ಸಭೆಯನ್ನೂ ಆರಿಸುವ ಮತದಾರರಾದರು. 1961ರ ಜನಗಣತಿಯಲ್ಲಿ ಪಾಕಿಸ್ತಾನದ ಜನಸಂಖ್ಯೆ 9 ಕೋಟಿ 38 ಲಕ್ಷ. ಅಧ್ಯಕ್ಷನಾಗಲು ಬೇಕಾದದ್ದು 40,001 ಮತ.

ಜಿಲ್ಲಾ ಅಧಿಕಾರಿಯ ಕಣ್ಣಲ್ಲಿ ಈ ಲೆಕ್ಕವನ್ನು ನೋಡಿ. ಒಂದು ಯೂನಿಯನ್ ಕೌನ್ಸಿಲ್ಲಿನ ಚುನಾಯಿತ ಸದಸ್ಯರು ಹತ್ತರ ಆಸುಪಾಸು. ಒಂದು ಕೋಣೆಯಲ್ಲಿ ಕೂರಿಸಬಹುದು, ಹೆಸರು ಹಿಡಿದು ಕರೆಯಬಹುದು. ಯಾರಿಗೆ ಕಾಮಗಾರಿಯ ಗುತ್ತಿಗೆ ಬೇಕು, ಯಾರಿಗೆ ಬಂದೂಕು ಪರವಾನಗಿ, ಯಾರ ಮಗನ ಮೇಲೆ ಕೇಸು ಇದೆ ಎಂಬುದು ಕಚೇರಿಯ ಕಡತದಲ್ಲಿರುತ್ತದೆ. ಕಾಮಗಾರಿಯ ಹಣಕ್ಕೆ ಮಂಜೂರಾತಿ ಕೊಡುವವನೂ, ಮತ ಯಾವ ಕಡೆ ಎಂದು ವಿಚಾರಿಸುವವನೂ ಅದೇ ಅಧಿಕಾರಿ. ಗುಟ್ಟಿನ ಮತಪತ್ರವಿದ್ದರೂ ಹತ್ತು ಮತಗಳ ಗುಟ್ಟು ಎಷ್ಟು ಹೊತ್ತು ಉಳಿಯುತ್ತದೆ?

1960ರ ಫೆಬ್ರವರಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಅಧ್ಯಕ್ಷ ಫೀಲ್ಡ್ ಮಾರ್ಷಲ್ ಅಯೂಬ್ ಖಾನ್ ಅವರಲ್ಲಿ ವಿಶ್ವಾಸವಿದೆಯೇ ಎಂಬುದೊಂದೇ ಪ್ರಶ್ನೆ. ಎದುರಾಳಿ ಇಲ್ಲ. ಶೇ 95.6 ಮತ 'ಹೌದು' ಎಂದವು. ಹಳೆಯ ರಾಜಕಾರಣಿಗಳನ್ನು ಅಷ್ಟರಲ್ಲಿ ಎಬ್ಡೊ ಎಂಬ ಆದೇಶದಡಿ ಬದಿಗೆ ಸರಿಸಲಾಗಿತ್ತು. ನ್ಯಾಯಮಂಡಳಿಯ ವಿಚಾರಣೆ ಎದುರಿಸಿ, ಇಲ್ಲವೇ 1966ರ ಕೊನೆಯವರೆಗೆ ರಾಜಕೀಯ ಬಿಡಿ ಎಂಬ ಆಯ್ಕೆ ಅವರ ಮುಂದಿತ್ತು. ಸುಹ್ರವರ್ದಿಯಂಥವರೂ ಅದಕ್ಕೆ ಸಿಕ್ಕಿಕೊಂಡರು. ಪತ್ರಿಕೆಗಳಲ್ಲಿ ಪ್ರೊಗ್ರೆಸಿವ್ ಪೇಪರ್ಸ್ ಸಂಸ್ಥೆಯನ್ನು 1959ರ ಏಪ್ರಿಲ್‌ನಲ್ಲಿಯೇ ಸರ್ಕಾರ ವಶಪಡಿಸಿಕೊಂಡಿತ್ತು.

1962ರ ಮಾರ್ಚ್ 1ರಂದು ಹೊಸ ಸಂವಿಧಾನ ಘೋಷಣೆಯಾಯಿತು, ಜೂನ್ 8ರಿಂದ ಜಾರಿಗೆ ಬಂತು. ರಕ್ಷಣಾ ಮಂತ್ರಿಯ ಬಗ್ಗೆ ಅದರಲ್ಲಿದ್ದ ಒಂದು ವಿಧಿ ಅಯೂಬ್ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ. ಸಂವಿಧಾನ ಬಂದ ಮೊದಲ ಇಪ್ಪತ್ತು ವರ್ಷ, ಅಧ್ಯಕ್ಷರೇ ಲೆಫ್ಟಿನೆಂಟ್ ಜನರಲ್ ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಸೇನಾಧಿಕಾರಿಯಾಗಿದ್ದವರಲ್ಲದಿದ್ದರೆ, ಆ ದರ್ಜೆಗೇರಿದವರು ಮಾತ್ರ ರಕ್ಷಣಾ ಮಂತ್ರಿ ಆಗಬಹುದು. ತಮ್ಮ ನಂತರ ಯಾರೇ ಬಂದರೂ ಸೇನೆಯ ಮೇಲೆ ನಾಗರಿಕನ ಕೈ ಬೀಳಬಾರದು ಎಂಬುದನ್ನು ಅವರು ಮೂಲ ಕಾನೂನಿನಲ್ಲಿ ಬರೆದಿಟ್ಟರು.

ಪಕ್ಷಗಳ ಬಗ್ಗೆ ತಿರಸ್ಕಾರವಿದ್ದರೂ ಪಕ್ಷವಿಲ್ಲದೆ ಸಭೆ ನಡೆಸಲಾಗದು ಎಂಬುದು ಒಂದೇ ವರ್ಷದಲ್ಲಿ ಅವರಿಗೆ ತಿಳಿಯಿತು. ಮುಸ್ಲಿಂ ಲೀಗಿನ ಒಂದು ಹೋಳನ್ನು ಕನ್ವೆನ್ಷನ್ ಮುಸ್ಲಿಂ ಲೀಗ್ ಎಂದು ಕಟ್ಟಿಸಿ, 1963ರಲ್ಲಿ ಅದನ್ನು ಸೇರಿ, ಅಧ್ಯಕ್ಷರೂ ಆದರು. ಅಧಿಕಾರದಲ್ಲಿರುವವರ ಸುತ್ತ ನೆರೆದ ಪಕ್ಷ ಅದು. ಅಯೂಬ್ ಹೋದ ಮೇಲೆ 1970ರ ಚುನಾವಣೆಯಲ್ಲಿ ಹೇಳಹೆಸರಿಲ್ಲದಂತಾಯಿತು.

ನಿಜವಾದ ಕೆಲಸ, ಅದರ ಮಿತಿ

ಅಯೂಬ್ ಕಾಲದಲ್ಲಿ ಏನೂ ಆಗಲಿಲ್ಲ ಎನ್ನುವುದು ಅನ್ಯಾಯ. 1960ರ ಸೆಪ್ಟೆಂಬರ್ 19ರಂದು ಕರಾಚಿಯಲ್ಲಿ ನೆಹರೂ ಜೊತೆ ಸಹಿ ಹಾಕಿದ ಸಿಂಧೂ ನೀರಿನ ಒಪ್ಪಂದ ಮೂರು ಯುದ್ಧಗಳನ್ನು ದಾಟಿ ಬಂತು. 1961ರ ಕುಟುಂಬ ಕಾನೂನು ಸುಗ್ರೀವಾಜ್ಞೆ ನಿಕಾಹ್ ನೋಂದಣಿ ಕಡ್ಡಾಯ ಮಾಡಿತು, ಎರಡನೇ ಮದುವೆಗೆ ಮಧ್ಯಸ್ಥಿಕೆ ಮಂಡಳಿಯ ಅನುಮತಿ ಬೇಕೆಂದಿತು. ಧಾರ್ಮಿಕ ಮುಖಂಡರು ಎಷ್ಟೇ ಒತ್ತಾಯಿಸಿದರೂ ಅಯೂಬ್ ಅದನ್ನು ಹಿಂತೆಗೆಯಲಿಲ್ಲ. ಆರ್ಥಿಕ ಬೆಳವಣಿಗೆ ವರ್ಷಕ್ಕೆ ಶೇ 5ನ್ನು ಮೀರಿತು.

1959ರ ಭೂಸುಧಾರಣೆ ಮಾತ್ರ ಕಾಗದದಲ್ಲಿ ದೊಡ್ಡದು, ಹೊಲದಲ್ಲಿ ಸಣ್ಣದು. ನೀರಾವರಿಗೆ 500 ಎಕರೆ, ಖುಷ್ಕಿಗೆ 1,000 ಎಕರೆ ಮಿತಿ. ಆ ಮಿತಿ ಕುಟುಂಬಕ್ಕಲ್ಲ, ವ್ಯಕ್ತಿಗೆ. ಹೆಂಡತಿ, ಮಕ್ಕಳು, ಸೋದರಳಿಯಂದಿರ ಹೆಸರಿಗೆ ಬರೆದರೆ ಸಾವಿರಾರು ಎಕರೆ ಒಂದೇ ಮನೆಯಲ್ಲಿ ಉಳಿಯುತ್ತಿತ್ತು. ಮಾವಿನ ತೋಪುಗಳಿಗೆ ಪ್ರತ್ಯೇಕ ವಿನಾಯಿತಿ. ಬಿಟ್ಟುಕೊಟ್ಟ ಭೂಮಿಯಲ್ಲಿ ಬಹಳಷ್ಟು ಉಳುಮೆಗೆ ಬಾರದ್ದು. ಜಮೀನ್ದಾರರ ಬೆಂಬಲದ ಮೇಲೆ ನಿಂತ ಆಡಳಿತಕ್ಕೆ ಇದಕ್ಕಿಂತ ಮುಂದೆ ಹೋಗುವ ಮನಸ್ಸಿರಲಿಲ್ಲ.

ಪೂರ್ವದ ಗಾಯ ಇದಕ್ಕಿಂತ ಆಳ. 1959ರಲ್ಲಿ ಬಂದ ರಫ್ತು ಬೋನಸ್ ಯೋಜನೆಯನ್ನು ತೆಗೆದುಕೊಳ್ಳಿ. ಕಾರ್ಖಾನೆಯ ಸರಕು ರಫ್ತು ಮಾಡಿದವನಿಗೆ ಅದರ ಮೌಲ್ಯದ ಶೇ 20ರಿಂದ 40ರಷ್ಟು ವೋಚರ್. ಆ ವೋಚರ್‌ನಿಂದ ವಿದೇಶಿ ಸರಕು ತರಿಸಬಹುದು, ಬೇಡವಾದರೆ ಮಾರುಕಟ್ಟೆಯಲ್ಲಿ ಮುಖಬೆಲೆಗಿಂತ ಎಷ್ಟೋ ಹೆಚ್ಚಿಗೆ ಮಾರಬಹುದು. ಕಚ್ಚಾ ಸೆಣಬಿಗೆ ಈ ಬೋನಸ್ ಇಲ್ಲ. ದೇಶದ ವಿದೇಶಿ ವಿನಿಮಯದ ದೊಡ್ಡ ಪಾಲು ತರುತ್ತಿದ್ದ ಬಂಗಾಳದ ರೈತನ ಸೆಣಬಿಗೆ ಒಂದು ಡಾಲರಿಗೆ 4.76 ರೂಪಾಯಿಯ ಸರ್ಕಾರಿ ದರವೇ ಗತಿ. ಅವನ ಬೆವರಿನ ಡಾಲರಿನಿಂದ ಯಂತ್ರ ತರಿಸಿ ಕಾರ್ಖಾನೆ ಕಟ್ಟಿದವರು ಹೆಚ್ಚಾಗಿ ಕರಾಚಿಯ ವ್ಯಾಪಾರಿ ಮನೆತನಗಳು. 1968ರಲ್ಲಿ ಯೋಜನಾ ಆಯೋಗದ ಮುಖ್ಯ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್, ಉದ್ಯಮ ಬಂಡವಾಳದ ಮೂರನೇ ಎರಡು ಭಾಗ, ಬ್ಯಾಂಕಿಂಗಿನ ಐದನೇ ನಾಲ್ಕು ಭಾಗ 22 ಕುಟುಂಬಗಳ ಕೈಯಲ್ಲಿದೆ ಎಂದರು. ಸರ್ಕಾರದ ಒಳಗಿನವರೇ ಹೇಳಿದ ಈ ಮಾತು ಬೀದಿಯ ಘೋಷಣೆಯಾಯಿತು.

ಜನಸಂಖ್ಯೆಯಲ್ಲಿ ಪೂರ್ವದವರು ಹೆಚ್ಚು, ಮತದಾರರ ಮಂಡಳಿಯಲ್ಲಿ ಸಮಪಾಲು, ಸೇನಾಧಿಕಾರಿಗಳಲ್ಲಿ ಶೇ 5ರಷ್ಟೂ ಇಲ್ಲ. ಸೇನೆಯೇ ಸರ್ಕಾರವಾದಾಗ ಇದರ ಅರ್ಥವೇನೆಂದು ಬಂಗಾಳಿಗಳಿಗೆ ಯಾರೂ ವಿವರಿಸಬೇಕಿರಲಿಲ್ಲ. 1960ರಿಂದ 1962ರವರೆಗೆ ಪೂರ್ವದ ಗವರ್ನರ್ ಆಗಿದ್ದ ಅಜಂ ಖಾನ್ ಚಂಡಮಾರುತದ ಸಮಯದಲ್ಲಿ ಜನರ ನಡುವೆ ಓಡಾಡಿ ಪ್ರೀತಿ ಗಳಿಸಿದರು. ಆ ಜನಪ್ರಿಯತೆಯೇ ಅವರಿಗೆ ಮುಳುವಾಯಿತು, ಅವರು ಹುದ್ದೆ ಬಿಡಬೇಕಾಯಿತು. ಅವರ ಜಾಗಕ್ಕೆ ಅದೇ ವರ್ಷ ಬಂದು ಕೊನೆಯವರೆಗೂ ಉಳಿದ ಮೊನೆಮ್ ಖಾನ್ ಅಯೂಬ್‌ಗೆ ನಿಷ್ಠರು, ಜನಕ್ಕೆ ಬೇಡವಾದವರು.

ಫಾತಿಮಾ ಜಿನ್ನಾ ಎದುರು ನಿಂತಾಗ

1965ರ ಜನವರಿ 2ರ ಅಧ್ಯಕ್ಷ ಚುನಾವಣೆಯಲ್ಲಿ ವಿರೋಧ ಪಕ್ಷಗಳು ಒಟ್ಟಾಗಿ ಮಹಮ್ಮದ್ ಅಲಿ ಜಿನ್ನಾ ಅವರ ತಂಗಿ ಫಾತಿಮಾ ಅವರನ್ನು ನಿಲ್ಲಿಸಿದವು. ಎಪ್ಪತ್ತು ದಾಟಿದ ಹೆಂಗಸು, ಲಾಂದ್ರದ ಗುರುತು, ಎದುರಿಗೆ ಅಯೂಬ್ ಅವರ ಗುಲಾಬಿ. ಹೆಣ್ಣು ದೇಶದ ಮುಖ್ಯಸ್ಥೆಯಾಗಬಾರದೆಂದು ಆಡಳಿತ ಮೌಲ್ವಿಗಳಿಂದ ಹೇಳಿಸಿತು. ಜಮಾತೆ ಇಸ್ಲಾಮಿ ಮಾತ್ರ ಫಾತಿಮಾ ಪರ ನಿಂತಿತು. ಅವರ ಸಭೆಗಳಿಗೆ ಜನಸಾಗರವೇ ಹರಿದುಬಂತು, ಆದರೆ ಬಂದವರಿಗೆ ಮತವಿರಲಿಲ್ಲ.

ಫಲಿತಾಂಶ: ಅಯೂಬ್ 49,951, ಫಾತಿಮಾ 28,691. ಗೆಲುವು ದೊಡ್ಡದೇ. ಒಳಗೆ ನೋಡಿದರೆ ಪೂರ್ವದಲ್ಲಿ ಅಯೂಬ್‌ಗೆ ಶೇ 53ರಷ್ಟು ಮಾತ್ರ, ಕರಾಚಿಯಲ್ಲಿ ಸೋಲು. ಅಧಿಕಾರಿಗಳು ಹತ್ತು ಹತ್ತು ಜನರನ್ನು ಎಣಿಸಿ ನೋಡಿಕೊಂಡ ಚುನಾವಣೆಯಲ್ಲಿಯೇ ಪೂರ್ವದ ಅರ್ಧದಷ್ಟು ಮತ ಕೈತಪ್ಪಿತ್ತು. ನೇರ ಚುನಾವಣೆಯಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಆಡಳಿತ ಈ ಅಂಕಿಯಿಂದ ಓದಿಕೊಳ್ಳಬಹುದಿತ್ತು. ಓದಲಿಲ್ಲ. ಗೆಲುವಿನ ಮೆರವಣಿಗೆಯ ಹೊತ್ತಿಗೆ ಕರಾಚಿಯಲ್ಲಿ ಗುಂಡು ಹಾರಿ ಹೆಣ ಬಿದ್ದವು.

ಅದೇ ವರ್ಷ ಆಗಸ್ಟ್‌ನಲ್ಲಿ ಕಾಶ್ಮೀರದೊಳಕ್ಕೆ ನುಸುಳುಕೋರರನ್ನು ಕಳುಹಿಸಿದ 'ಜಿಬ್ರಾಲ್ಟರ್' ಕಾರ್ಯಾಚರಣೆ, ಸೆಪ್ಟೆಂಬರ್ 6ರಂದು ಲಾಹೋರ್ ಗಡಿಯಲ್ಲಿ ಭಾರತದ ಪ್ರತಿದಾಳಿ, 23ಕ್ಕೆ ಕದನವಿರಾಮ. ಪೂರ್ವದ ರಕ್ಷಣೆ ಪಶ್ಚಿಮದಲ್ಲಿದೆ ಎಂಬ ಸೇನಾ ಸೂತ್ರದ ಪ್ರಕಾರ ಇಡೀ ಪೂರ್ವ ಪಾಕಿಸ್ತಾನಕ್ಕೆ ಒಂದೇ ಡಿವಿಜನ್ ಕಾವಲಿತ್ತು. ಹದಿನೇಳು ದಿನ ತಮ್ಮನ್ನು ಕೇಳುವವರಿಲ್ಲ ಎಂದು ಅಲ್ಲಿನ ಜನರಿಗೆ ಅನ್ನಿಸಿತು. 1966ರ ಫೆಬ್ರವರಿಯಲ್ಲಿ ಪೂರ್ವದ ಅವಾಮಿ ಲೀಗ್ ನಾಯಕ ಮುಜೀಬುರ್ ರಹಮಾನ್ ಲಾಹೋರಿನಲ್ಲಿ ಸ್ವಾಯತ್ತೆಯ ಆರು ಅಂಶಗಳ ಬೇಡಿಕೆ ಮುಂದಿಟ್ಟದ್ದರ ಹಿಂದೆ ಈ ಅನುಭವವೂ ಇದೆ. ಪಶ್ಚಿಮದ ಜನಕ್ಕೆ ಯುದ್ಧ ಗೆಲ್ಲುತ್ತಿದ್ದೇವೆಂದು ರೇಡಿಯೊ ಹೇಳಿತ್ತು. ಭಾರತದ ಜೊತೆ ಮಾಡಿಕೊಂಡ 1966ರ ಜನವರಿ 10ರ ತಾಷ್ಕೆಂಟ್ ಒಪ್ಪಂದ ಅವರಿಗೆ ದ್ರೋಹದಂತೆ ಕಂಡಿತು. ಆ ಸಿಟ್ಟನ್ನು ವಿದೇಶಾಂಗ ಮಂತ್ರಿ ಭುಟ್ಟೊ ಜೇಬಿಗೆ ಹಾಕಿಕೊಂಡು ಸಂಪುಟದಿಂದ ಹೊರಬಂದರು.

ಕುಸಿತ

1968ರ ಜನವರಿ ಕೊನೆಯಲ್ಲಿ ಅಯೂಬ್ ತೀವ್ರ ಕಾಯಿಲೆ ಬಿದ್ದರು. ಅವರದೇ ಸಂವಿಧಾನದ ಪ್ರಕಾರ ಸಭಾಧ್ಯಕ್ಷರು ಹಂಗಾಮಿ ಅಧ್ಯಕ್ಷರಾಗಬೇಕು. ಆಗ ಸಭಾಧ್ಯಕ್ಷರಾಗಿದ್ದವರು ಪೂರ್ವದ ಅಬ್ದುಲ್ ಜಬ್ಬಾರ್ ಖಾನ್. ಅವರಿಗೆ ಅಧಿಕಾರ ಕೊಡಲಿಲ್ಲ, ಕಾಯಿಲೆಯ ವಿವರ ಮುಚ್ಚಿಟ್ಟರು. ಸೇನಾ ಮುಖ್ಯಸ್ಥ ಯಾಹ್ಯಾ ಖಾನ್ ಆ ವಾರಗಳಲ್ಲಿ ಆಡಳಿತದ ನಡುಮನೆಗೆ ಬಂದರು.

ಅಕ್ಟೋಬರ್‌ನಲ್ಲಿ ಸರ್ಕಾರ 'ಅಭಿವೃದ್ಧಿಯ ದಶಕ' ಎಂದು ಹಬ್ಬ ಮಾಡಿತು. ಸಕ್ಕರೆ ಬೆಲೆ ಏರಿತ್ತು. ನವೆಂಬರ್ 7ರಂದು ರಾವಲ್ಪಿಂಡಿಯಲ್ಲಿ ಪೊಲೀಸರ ಗುಂಡಿಗೆ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬ ಸತ್ತ. ಅಲ್ಲಿಂದ ಐದು ತಿಂಗಳು ಎರಡೂ ಭಾಗಗಳ ವಿದ್ಯಾರ್ಥಿಗಳು, ರೈಲ್ವೆ ಮತ್ತು ಗಿರಣಿ ಕಾರ್ಮಿಕರು, ವಕೀಲರು ಬೀದಿಗಿಳಿದರು. ಢಾಕಾದಲ್ಲಿ 1969ರ ಜನವರಿ 20ರಂದು ಅಸಾದ್ ಎಂಬ ವಿದ್ಯಾರ್ಥಿ ನಾಯಕ, ಫೆಬ್ರವರಿ 15ರಂದು ಅಗರ್ತಲಾ ಮೊಕದ್ದಮೆಯ (ಭಾರತದ ನೆರವಿನಿಂದ ಪೂರ್ವವನ್ನು ಬೇರ್ಪಡಿಸಲು ಮುಜೀಬ್ ಮತ್ತಿತರರು ಸಂಚು ಹೂಡಿದರೆಂಬ ಕೇಸು) ಆರೋಪಿ ಸಾರ್ಜೆಂಟ್ ಜಹೂರುಲ್ ಹಕ್ ಕೊಲ್ಲಲ್ಪಟ್ಟರು. ಪೂರ್ವದ ಹಳ್ಳಿಗಳಲ್ಲಿ ಜನ ಮೊದಲು ಹುಡುಕಿ ಹೊಡೆದದ್ದು ಬೇಸಿಕ್ ಡೆಮಾಕ್ರಸಿ ಸದಸ್ಯರನ್ನು. ಆಡಳಿತದ ಕಂಬಗಳೆಂದು ನೆಟ್ಟ 80,000 ಜನರಲ್ಲಿ ಅದನ್ನು ಉಳಿಸಿಕೊಳ್ಳಲು ಎದ್ದು ನಿಂತವರಿಲ್ಲ. ಸರ್ಕಾರದ ಹಣಕ್ಕಾಗಿ ಜೊತೆಗಿದ್ದವರು ಸರ್ಕಾರಕ್ಕಾಗಿ ಕಲ್ಲೇಟು ತಿನ್ನುವುದಿಲ್ಲ.

ಫೆಬ್ರವರಿ 21ರಂದು ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಅಯೂಬ್ ಘೋಷಿಸಿದರು. ಮರುದಿನ ಅಗರ್ತಲಾ ಮೊಕದ್ದಮೆ ವಾಪಸಾಯಿತು, ಮುಜೀಬ್ ಹೊರಬಂದರು. ಮಾರ್ಚ್‌ನ ದುಂಡುಮೇಜಿನ ಸಭೆಯಲ್ಲಿ ನೇರ ಚುನಾವಣೆ, ಸಂಸದೀಯ ಪದ್ಧತಿ ಎರಡಕ್ಕೂ ಒಪ್ಪಿದರು. ಭುಟ್ಟೊ, ಪೂರ್ವದ ಎಡಪಂಥೀಯ ನಾಯಕ ಭಾಷಾನಿ ಆ ಸಭೆಗೇ ಬರಲಿಲ್ಲ, ಪೂರ್ವದ ಸ್ವಾಯತ್ತೆಯ ಪ್ರಶ್ನೆ ಹಾಗೇ ಉಳಿಯಿತು. ಸೇನೆಯ ಸಹಾಯ ಬೇಕಾದಾಗ ಯಾಹ್ಯಾ ಅಯೂಬ್ ಪರವಾಗಿ ಗುಂಡು ಹಾರಿಸಲು ಸಿದ್ಧರಿರಲಿಲ್ಲ, ಪೂರ್ಣ ಸೇನಾಡಳಿತಕ್ಕೆ ಸಿದ್ಧರಿದ್ದರು. 1969ರ ಮಾರ್ಚ್ 25ರಂದು ಅಯೂಬ್ ರಾಜೀನಾಮೆ ಕೊಟ್ಟರು. ಸಭಾಧ್ಯಕ್ಷರಿಗೆ ಹೋಗಬೇಕಿದ್ದ ಅಧಿಕಾರವನ್ನು ಯಾಹ್ಯಾ ಕೈಗೆ ಒಪ್ಪಿಸಿದರು. ತಾವೇ ಬರೆಸಿದ ಸಂವಿಧಾನವನ್ನು ಅವರೇ ಎರಡನೇ ಬಾರಿ ಮೀರಿದರು.

ಗಡಿಯ ಈಚೆ

ಈಗ ಸ್ವಭಾವದ ಪ್ರಶ್ನೆಗೆ ಬರೋಣ. ಕಾರ್ಯಪ್ಪನವರಿಗೆ ರಾಜಕೀಯದ ಬಗ್ಗೆ ಅಭಿಪ್ರಾಯಗಳಿಗೇನೂ ಕೊರತೆ ಇರಲಿಲ್ಲ, ಬಹಿರಂಗವಾಗಿ ಹೇಳುವ ಅಭ್ಯಾಸವೂ ಇತ್ತು. ಆದರೆ ನಾಲ್ಕು ವರ್ಷ ಮುಗಿದ ಕೂಡಲೇ 1953ರ ಜನವರಿಯಲ್ಲಿ ನಿವೃತ್ತರಾದರು, ಅದೇ ವರ್ಷ ಅವರನ್ನು ಹೈಕಮಿಷನರ್ ಆಗಿ ಆಸ್ಟ್ರೇಲಿಯಕ್ಕೆ ಕಳುಹಿಸಲಾಯಿತು. 1971ರಲ್ಲಿ ಮುಂಬೈ ಈಶಾನ್ಯ ಲೋಕಸಭಾ ಕ್ಷೇತ್ರದಿಂದ ನಿಂತು ಸೋತರು. ಸಮವಸ್ತ್ರ ಕಳಚಿದ ಜನರಲ್‌ಗೆ ಮತ ಹಾಕಬೇಕೋ ಬೇಡವೋ ಎಂದು ಅಲ್ಲಿನ ಮತದಾರರು ತೀರ್ಮಾನಿಸಿದರು.

ತಿಮ್ಮಯ್ಯನವರದ್ದು ಇನ್ನೂ ಬಿಗಿಯಾದ ಹೋಲಿಕೆ. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಜಗಳವಾಗಿ 1959ರ ಆಗಸ್ಟ್ 31ರಂದು ಅವರು ರಾಜೀನಾಮೆ ಕೊಟ್ಟರು. ನೆಹರೂ ಮಾತಿಗೆ ಒಪ್ಪಿ ವಾಪಸು ಪಡೆದರು. ಸೆಪ್ಟೆಂಬರ್ 1ರಂದು ಢಾಕಾಕ್ಕೆ ಹೊರಟಿದ್ದ ಅಯೂಬ್ ದೆಹಲಿಯ ಪಾಲಂ ವಿಮಾನ ನಿಲ್ದಾಣದಲ್ಲಿ ಇಳಿದು ನೆಹರೂ ಅವರನ್ನು ಭೇಟಿಯಾದರು. ಮರುದಿನ ನೆಹರೂ ಸಂಸತ್ತಿನಲ್ಲಿ ತಿಮ್ಮಯ್ಯನವರ ವಿಷಯ ವಿವರಿಸಿ, ನಾಗರಿಕ ಸರ್ಕಾರವೇ ಮೇಲು ಎಂಬುದನ್ನು ಸ್ಪಷ್ಟಪಡಿಸಿದರು. ತಿಮ್ಮಯ್ಯನವರಿಗೆ ಆ ಮಾತು ನೋವು ಕೊಟ್ಟಿರಬೇಕು, ಅವರ ದೂರಿನಲ್ಲಿ ಹುರುಳಿತ್ತು ಎಂಬುದನ್ನು 1962ರ ಚೀನಾ ಯುದ್ಧ ತೋರಿಸಿತು. ಆದರೂ ಜಗಳ ಸಂಸತ್ತಿನಲ್ಲಿ ಚರ್ಚೆಯಾಗಿ ಮುಗಿಯಿತು. 1961ರಲ್ಲಿ ಅವಧಿ ಮುಗಿದಾಗ ಅವರು ಮನೆಗೆ ಹೋದರು.

ಭಾರತದಲ್ಲಿ ಕೆಲಸ ಮಾಡಿದ ಏರ್ಪಾಡುಗಳು ನೀರಸವಾದವು. ಕಮಾಂಡರ್-ಇನ್-ಚೀಫ್ ವಾಸವಿದ್ದ ಬಂಗಲೆ 1948ರಲ್ಲಿ ಪ್ರಧಾನಿಯ ನಿವಾಸವಾದ ತೀನ್ ಮೂರ್ತಿ ಭವನವಾಯಿತು. 1955ರಲ್ಲಿ ಆ ಪದವಿಯನ್ನೇ ತೆಗೆದು ಮೂರು ಪಡೆಗಳಿಗೆ ಮೂವರು ಸಮಾನ ಮುಖ್ಯಸ್ಥರನ್ನು ಮಾಡಿದರು. ಮುಖ್ಯಸ್ಥರು ಅವಧಿ ಮುಗಿದಂತೆ ಇಳಿದರು, ಚುನಾವಣೆಗಳು ಹೊತ್ತಿಗೆ ಸರಿಯಾಗಿ ನಡೆದವು.

ಕಾನೂನಿನ ಬಾಕಿ

1972ರಲ್ಲಿ, ಬಾಂಗ್ಲಾದೇಶ ಬೇರೆಯಾದ ಮೇಲೆ, ಪಾಕಿಸ್ತಾನದ ಸುಪ್ರೀಂ ಕೋರ್ಟು ಅಸ್ಮಾ ಜಿಲಾನಿ ಪ್ರಕರಣದಲ್ಲಿ ಡೋಸೊ ತೀರ್ಪನ್ನು ರದ್ದುಮಾಡಿ ಯಾಹ್ಯಾ ಖಾನ್ ಅಧಿಕಾರ ಕಬಳಿಸಿದವರು ಎಂದಿತು. ಅಯೂಬ್ ಆಗ ಬದುಕಿದ್ದರು, 1974ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ 1972ರಲ್ಲಿ ಭುಟ್ಟೊ ಕಮಾಂಡರ್-ಇನ್-ಚೀಫ್ ಪದವಿಯನ್ನು ತೆಗೆದುಹಾಕಿ ಸೇನಾ ಮುಖ್ಯಸ್ಥ ಎಂದು ಬದಲಿಸಿದರು, ಭಾರತ ಮಾಡಿದ ಹದಿನೇಳು ವರ್ಷದ ನಂತರ. 1973ರ ಸಂವಿಧಾನದ 6ನೇ ವಿಧಿ, ಸಂವಿಧಾನವನ್ನು ಬಲದಿಂದ ಬುಡಮೇಲು ಮಾಡುವುದು ರಾಜದ್ರೋಹ ಎಂದಿತು. 1976ರಲ್ಲಿ ಭುಟ್ಟೊ ಹಲವು ಹಿರಿಯರನ್ನು ದಾಟಿ ಜಿಯಾ ಉಲ್ ಹಕ್ ಅವರನ್ನು ಆ ಹುದ್ದೆಗೆ ತಂದರು. 1977ರ ಜುಲೈನಲ್ಲಿ ಜಿಯಾ ಅವರನ್ನು ಪದಚ್ಯುತಗೊಳಿಸಿದಾಗ ನ್ಯಾಯಾಲಯ 1955ರ ಅನಿವಾರ್ಯತೆಯ ವಾದವನ್ನು ಮತ್ತೆ ಕೈಗೆತ್ತಿಕೊಂಡು ಸಮ್ಮತಿಸಿತು. ಜಿಯಾ 1988ರಲ್ಲಿ ಸಾಯುವವರೆಗೆ ಹನ್ನೆರಡು ವರ್ಷ ಸೇನಾ ಮುಖ್ಯಸ್ಥರಾಗಿಯೇ ಇದ್ದರು.